ಉಸಿರಿಗೊಂದು ಗೂಡು: ಗಗನಯಾತ್ರಿಯ ಶಿರಸ್ತ್ರಾಣ

ಶಾಲೆಗಳ ಛದ್ಮವೇಷ ಸ್ಪರ್ಧೆಯಲ್ಲಿ ಕೃಷ್ಣ, ಒನಕೆ ಓಬವ್ವ, ಗಾಂಧೀಜಿ ಇವರ ಸಾಲಿಗೆ ಗಗನಯಾತ್ರಿಯೂ ಬಂದು ಸೇರಿ ಬಹಳ ಕಾಲವಾಯಿತು. ಕೊಳಲು ಹಿಡಿದರೆ ಕೃಷ್ಣ, ಒನಕೆ ಹಿಡಿದರೆ ಓಬವ್ವ. ಗಗನಯಾತ್ರಿಯಾಗಲು ಮಾತ್ರ ಶಿರಸ್ತ್ರಾಣವೇ ಬೇಕು. ಅದನ್ನು ಮನೆಯಲ್ಲಿಯೇ ಮಾಡುವ ಕ್ರಮ ಸರಳ. ದೊಡ್ಡ ಬಲೂನೊಂದನ್ನು ಊದಿ, ಹಳೆಯ ಪತ್ರಿಕೆಯ ಚೂರುಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಅದರ ಮೇಲೆ ನಾಲ್ಕೈದು ಪದರ ಹಚ್ಚುತ್ತಾರೆ. ಚೆನ್ನಾಗಿ ಒಣಗಿದ ಮೇಲೆ ಬಲೂನು ಒಡೆದು, ಕುತ್ತಿಗೆಗೂ ಮುಖಕ್ಕೂ ಜಾಗ ಕತ್ತರಿಸಿ, ಬಿಳಿ ಬಣ್ಣ ಬಳಿದರೆ ಆಯಿತು.

ಇದು ಮಕ್ಕಳಾಟ ಎಂದು ನಗಬೇಕಾಗಿಲ್ಲ. ನಿಜವಾದ ಶಿರಸ್ತ್ರಾಣದ ಇತಿಹಾಸವೂ ಇಂಥ ಕೈಕೆಲಸದಿಂದಲೇ ಆರಂಭವಾಗುತ್ತದೆ.

ಅಮೆರಿಕದ ವೈಮಾನಿಕ ವೈಲಿ ಪೋಸ್ಟ್ 1933ರಲ್ಲಿ ಒಬ್ಬನೇ ವಿಮಾನದಲ್ಲಿ ಭೂಮಿಯನ್ನು ಸುತ್ತಿ ಬಂದವನು. ಇನ್ನೂ ಎತ್ತರಕ್ಕೆ ಏರಿದರೆ ಇನ್ನೂ ವೇಗವಾಗಿ ಹಾರಬಹುದೆಂಬುದು ಅವನ ಲೆಕ್ಕಾಚಾರ. ಆದರೆ ಅಲ್ಲಿ ಗಾಳಿ ತೀರ ತೆಳು. ಒತ್ತಡವಿಲ್ಲದ ಕಡೆ ಆಮ್ಲಜನಕವಿದ್ದರೂ ದೇಹ ತಾಳದು. ಅವನ ವಿಮಾನದ ಒಡಲು ಮರದ್ದಾದ್ದರಿಂದ ಅದರೊಳಗೆ ಒತ್ತಡ ತುಂಬುವಂತಿರಲಿಲ್ಲ. ಹಾಗಾದರೆ ಒತ್ತಡವನ್ನು ಮೈಮೇಲೆಯೇ ತೊಟ್ಟುಕೊಂಡರೆ ಹೇಗೆ?

1934ರಲ್ಲಿ ಗುಡ್‌ರಿಚ್ ರಬ್ಬರ್ ಕಂಪೆನಿ ಅವನಿಗಾಗಿ ಉಡುಪು ಹೊಲಿಯಿತು. ಮೊದಲನೆಯದು ಒತ್ತಡ ತಡೆಯಲಿಲ್ಲ. ಎರಡನೆಯದರೊಳಗೆ ಪೋಸ್ಟ್ ಸಿಕ್ಕಿಹಾಕಿಕೊಂಡ; ಕತ್ತರಿಸಿಯೇ ಅವನನ್ನು ಹೊರತೆಗೆಯಬೇಕಾಯಿತು! ರಸೆಲ್ ಕಾಲಿ ಎಂಬ ಎಂಜಿನಿಯರ್ ರೂಪಿಸಿದ ಮೂರನೆಯದು ಗೆದ್ದಿತು. ಅದರ ಶಿರಸ್ತ್ರಾಣ ಅಲ್ಯೂಮಿನಿಯಂ ಡಬ್ಬಿಯಂತಿದ್ದು, ಮುಂದೆ ಒಂದು ದುಂಡು ಗಾಜಿನ ಕಿಟಕಿ ಇತ್ತು. ಅದನ್ನು ತೊಟ್ಟು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಪೋಸ್ಟ್ ಷಿಕಾಗೋ ಮೇಲೆ ಸುಮಾರು 40,000 ಅಡಿ ಎತ್ತರಕ್ಕೆ ಏರಿದ. 1935ರ ಫೆಬ್ರುವರಿಯಲ್ಲಿ ಎಂಜಿನ್ ಕೆಟ್ಟು ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯೊಂದರಲ್ಲಿ ಇಳಿದಾಗ, ಶಿರಸ್ತ್ರಾಣವನ್ನು ತಾನೇ ಬಿಚ್ಚಿಕೊಳ್ಳಲು ಆಗದೆ, ಕಾರಿನ ಬಳಿ ನಿಂತಿದ್ದ ಒಬ್ಬನ ನೆರವು ಕೇಳಲು ಹೋದ. ಆ ರೂಪ ಕಂಡು ಆತ ಬೆಚ್ಚಿಬಿದ್ದನಂತೆ. ಶಿರಸ್ತ್ರಾಣ ತೊಟ್ಟವನು ಬೇರೆ ಲೋಕದವನಂತೆ ಕಾಣುವುದು ಅಂದಿನಿಂದಲೇ!

ಪೋಸ್ಟ್ ಅದೇ ವರ್ಷ ವಿಮಾನ ಅಪಘಾತದಲ್ಲಿ ತೀರಿಕೊಂಡ. ಕಾಲಿ ಮುಂದೆ ಅಮೆರಿಕದ ಮೊದಲ ಗಗನಯಾತ್ರಿಗಳಿಗಾಗಿ ಮರ್ಕ್ಯುರಿ ಉಡುಪನ್ನು ರೂಪಿಸಿದ.

ಉಸಿರಾಟದ ಸಮಸ್ಯೆ ಬಗೆಹರಿದಂತೆ ನೋಟದ ಸಮಸ್ಯೆ ಎದುರಾಯಿತು. 1966ರ ಜೂನ್‌ನಲ್ಲಿ ಜೆಮಿನಿ-9 ನೌಕೆಯಿಂದ ಹೊರಬಂದ ಯೂಜೀನ್ ಸರ್ನನ್ ದಣಿದು ಬೆವೆತಾಗ ಗಾಜಿನ ಒಳಗೆಲ್ಲ ಹಬೆ ಕಟ್ಟಿತು. ಕೈ ಒಳಗೆ ಹೋಗುವಂತಿಲ್ಲ. ಮೂಗಿನಿಂದಲೇ ಗಾಜು ಉಜ್ಜಿ ಒಂದಿಷ್ಟು ಕಿಂಡಿ ಮಾಡಿಕೊಂಡ. ಅನಂತರ ಗಾಜಿಗೆ ಹಬೆ ಹಿಡಿಯದಂತೆ ದ್ರಾವಣ ಸವರುವ ಪದ್ಧತಿ ಬಂತು. ಚಂದ್ರನ ಮೇಲೆ ನಡೆದವರಿಗೆ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪಾರದರ್ಶಕ ಬುರುಡೆ ದೊರೆಯಿತು. ಅದರ ಮೇಲಿನ ಮುಖಪರದೆಗೆ ತೆಳುವಾದ ಚಿನ್ನದ ಲೇಪ. ಅದು ಅಲಂಕಾರಕ್ಕಲ್ಲ, ಬಿಸಿಲಿನ ಪ್ರಖರತೆಯನ್ನೂ ಶಾಖವನ್ನೂ ಹಿಂದಕ್ಕಟ್ಟಲು. ಛದ್ಮವೇಷಕ್ಕೆ ಅಂಟಿಸುವ ಹೊಂಬಣ್ಣದ ಬೇಗಡೆಯ ಮೂಲ ಇದೇ.

ಇಷ್ಟೆಲ್ಲ ಆದರೂ ಅಪಾಯ ತಪ್ಪಲಿಲ್ಲ. 2013ರ ಜುಲೈನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗಿದ್ದ ಇಟಲಿಯ ಲೂಕಾ ಪರ್ಮಿಟಾನೋ ಅವರ ಶಿರಸ್ತ್ರಾಣಕ್ಕೆ ಉಡುಪಿನ ತಂಪುಗೊಳಿಸುವ ವ್ಯವಸ್ಥೆಯಿಂದ ನೀರು ನುಗ್ಗಿತು. ತೂಕವಿಲ್ಲದ ಸ್ಥಿತಿಯಲ್ಲಿ ನೀರು ಕೆಳಗಿಳಿಯದು. ಕಣ್ಣು, ಮೂಗುಗಳನ್ನು ಮುಚ್ಚಿತು. ಅವರು ತಡಕಾಡುತ್ತಲೇ ನಿಲ್ದಾಣದೊಳಗೆ ಮರಳಿ ಜೀವ ಉಳಿಸಿಕೊಂಡರು. ಆಮೇಲೆ ಕೈಗೊಂಡ ಪರಿಹಾರಗಳಲ್ಲಿ ಒಂದು ನೀರು ಹೀರುವ ಮೆತ್ತೆ. ಇನ್ನೊಂದು, ನಿಲ್ದಾಣದಲ್ಲಿದ್ದ ಪ್ಲಾಸ್ಟಿಕ್ ಕೊಳವೆಯನ್ನೇ ಕತ್ತರಿಸಿ ಶಿರಸ್ತ್ರಾಣದೊಳಗೆ ಅಂಟಿಸಿದ ಉಸಿರುನಳಿಗೆ. ಬಾಹ್ಯಾಕಾಶದಲ್ಲೂ ಕತ್ತರಿಯ ಕೆಲಸ!

ಮನೆಯಲ್ಲಿ ಶಿರಸ್ತ್ರಾಣ ಮಾಡುವವರು ಈ ಇತಿಹಾಸದಿಂದ ಕಲಿಯಬೇಕಾದದ್ದು ಒಂದಿದೆ. ಗಗನಯಾತ್ರಿಯ ಶಿರಸ್ತ್ರಾಣವನ್ನು ಗಾಳಿಯಾಡದಂತೆ ಮುಚ್ಚಬಹುದಾದದ್ದು ಅದರೊಳಗೆ ಆಮ್ಲಜನಕ ಹರಿಯುವುದರಿಂದ. ಮಗುವಿನ ಶಿರಸ್ತ್ರಾಣಕ್ಕೆ ಆ ಸೌಕರ್ಯವಿಲ್ಲ. ಮುಖದ ಮುಂಭಾಗ ತೆರೆದೇ ಇರಬೇಕು. ಗಾಜಿನಂತೆ ಕಾಣಲೆಂದು ಪ್ಲಾಸ್ಟಿಕ್ ಹಾಳೆ ಕಟ್ಟುವುದಾಗಲಿ, ಪ್ಲಾಸ್ಟಿಕ್ ಚೀಲ ಬಳಸುವುದಾಗಲಿ ಸಲ್ಲದು. ಬೇಗಡೆಯನ್ನು ಕಿಂಡಿಯ ಅಂಚಿಗಷ್ಟೇ ಅಂಟಿಸಿದರೆ ಸಾಕು. ಮಗು ತಾನೇ ಸುಲಭವಾಗಿ ತೆಗೆಯುವಷ್ಟು ಕುತ್ತಿಗೆಯ ಜಾಗವೂ ಅಗಲವಾಗಿರಲಿ. ವೈಲಿ ಪೋಸ್ಟ್‌ಗೆ ಇಲ್ಲದಿದ್ದ ಅನುಕೂಲ ಅದು.