ಬ್ಲಫ್‌ನಿಂದ ಹೊರಟ 92 ಮೈಲಿ

ಮಳವಳ್ಳಿಯಿಂದ ಕೊಳ್ಳೇಗಾಲದ ಕಡೆಗೆ ಬಂದವರು ಗಗನಚುಕ್ಕಿ ನೋಡಿ, ಫೋಟೋ ತೆಗೆಸಿಕೊಂಡು, ಕಡಲೆಕಾಯಿ ತಿಂದು ವಾಪಸಾಗುತ್ತಾರೆ. ಬ್ಲಫ್ ಎಂಬ ಊರೊಂದು ಪಕ್ಕದಲ್ಲೇ ಇದೆಯೆಂಬುದು ಬಹಳ ಜನರ ಗಮನಕ್ಕೇ ಬರುವುದಿಲ್ಲ. ನಮ್ಮೂರಿಗೆ ಕೋಟೆಯಿಲ್ಲ, ಸಂತೆಯಿಲ್ಲ. ಕರೆಂಟಿಗಾಗಿ ಹುಟ್ಟಿದ ಊರು ಇದು.

ಸರ್ಕಾರಿ ವಿವರ ಹೇಳಿ ಮುಗಿಸುತ್ತೇನೆ. ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕು. ಕಾವೇರಿ ಇಲ್ಲಿ ಕವಲೊಡೆದು ಶಿವನಸಮುದ್ರದ ನಡುಗಡ್ಡೆಯನ್ನು ಬಳಸಿ, ಪಡುವಲಲ್ಲಿ ಗಗನಚುಕ್ಕಿಯಾಗಿಯೂ ಮೂಡಲಲ್ಲಿ ಭರಚುಕ್ಕಿಯಾಗಿಯೂ ಧುಮುಕುತ್ತದೆ. ಕಮರಿಯ ತಳದಲ್ಲಿ ಶೇಷಾದ್ರಿ ಅಯ್ಯರ್ ಜಲವಿದ್ಯುತ್ ಕೇಂದ್ರ. ಹತ್ತು ಯಂತ್ರಗಳು, ಒಟ್ಟು 42 ಮೆಗಾವ್ಯಾಟ್. ನಡುಗಡ್ಡೆಯಲ್ಲಿ ಮಧ್ಯರಂಗನ ಗುಡಿ, ಜಲಪಾತದ ಬಳಿ ಮರ್ದಾನೆ ಗೈಬ್ ದರ್ಗಾ. ನಂದಿರಾಜನೆಂಬ ಅರಸು ಹೆಂಡತಿಯೊಡನೆ ಕುದುರೆ ಏರಿ ಗಗನಚುಕ್ಕಿಗೆ ಹಾರಿದ ಕಥೆಯನ್ನು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ನನಗೆ ಬರೆಯಬೇಕೆನಿಸಿರುವುದು ಒಂದು ದಾಖಲೆಯ ವಿಷಯ. "ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ ನಮ್ದು ಕಣಪ್ಪ" ಎಂದು ಇಲ್ಲಿನ ಹಿರಿಯರು ಎದೆಯುಬ್ಬಿಸಿ ಹೇಳುತ್ತಾರೆ. ಪಠ್ಯಪುಸ್ತಕಗಳಲ್ಲೂ ಓದಿದ್ದೇವೆ. ಹುಡುಕುತ್ತಾ ಹೋದರೆ ಆ ಮಾತು ನಿಲ್ಲುವುದಿಲ್ಲ. ಜಪಾನಿನ ಕ್ಯೋಟೋದಲ್ಲಿ 1891ರಲ್ಲೇ ಕೆಅಗೆ ಕೇಂದ್ರ ನಡೆಯುತ್ತಿತ್ತು. ನಮ್ಮ ದೇಶದಲ್ಲೇ ಡಾರ್ಜಿಲಿಂಗ್ ಪಕ್ಕದ ಸಿದ್ರಾಪಾಂಗ್ 1897ರಲ್ಲಿ ಶುರುವಾಗಿತ್ತು. ನಮ್ಮದು 1902ರ ಜೂನ್ 30.

ಆದರೆ ಸಿದ್ರಾಪಾಂಗ್‌ನದು 130 ಕಿಲೋವ್ಯಾಟ್. ಪಕ್ಕದ ಊರಿನ ದೀಪಕ್ಕೆ ಮಾತ್ರ. ಬ್ಲಫ್‌ನಲ್ಲಿ ತಲಾ 720 ಕಿಲೋವ್ಯಾಟ್‌ನ ಆರು ಯಂತ್ರಗಳು ಮೊದಲ ಕಂತಿನಲ್ಲೇ ಕೂತವು, ಅವುಗಳ ಕರೆಂಟು ಇಲ್ಲಿಂದ ಕೋಲಾರದ ಚಿನ್ನದ ಗಣಿಯವರೆಗೆ 92 ಮೈಲಿ ಹೋಯಿತು. 148 ಕಿಲೋಮೀಟರ್. ಇಂದಿನ ಮ್ಯಾರಥಾನ್ ಓಟಗಾರರ ಲೆಕ್ಕದಲ್ಲಿ ಒಂದರ ಹಿಂದೊಂದು ಮೂರೂವರೆ ಮ್ಯಾರಥಾನ್. ಕ್ಯಾಲಿಫೋರ್ನಿಯಾದ ಕೋಲ್ಗೇಟ್‌ನಿಂದ ಓಕ್ಲೆಂಡ್‌ಗೆ 1901ರಲ್ಲಿ ಇದಕ್ಕಿಂತ ಉದ್ದದ ಲೈನು ಎಳೆದಿದ್ದರು. ಹಾಗಾಗಿ ಜಗತ್ತಿಗೇ ಉದ್ದವೆಂಬ ಮಾತನ್ನೂ ಕೈಬಿಡಬೇಕು. ಏಷ್ಯಾದಲ್ಲಿ ಮಾತ್ರ ಅಷ್ಟು ದೂರಕ್ಕೆ ವಿದ್ಯುತ್ ಒಯ್ದವರು ಆಗ ಯಾರೂ ಇರಲಿಲ್ಲ. ನಮ್ಮ ನಿಜವಾದ ದಾಖಲೆ ಅದು. ಮೊದಲು ಹೊರಟವರೆಂಬ ಸುಳ್ಳು ಹೆಗ್ಗಳಿಕೆಗಿಂತ ದೂರ ಓಡಿದವರೆಂಬ ನಿಜ ದೊಡ್ಡದು.

ಇದರ ಹಿಂದೆ ಇದ್ದವರು ಇಬ್ಬರು. ಕೆನಡಾ ಮೂಲದ ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯರ್ ನೀರಿನ ಬಲ ಲೆಕ್ಕ ಹಾಕಿ ಯೋಜನೆ ಮಾಡಿದರು. ಯೋಜನೆಗೆ ಗಟ್ಟಿಯಾಗಿ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ಅವರು 1901ರ ಸೆಪ್ಟೆಂಬರಿನಲ್ಲಿ ತೀರಿಹೋದರು, ಕರೆಂಟು ಹರಿದದ್ದನ್ನು ನೋಡಲಿಲ್ಲ. ನೋವಾಗುವ ಸಂಗತಿ. ಯಂತ್ರಗಳನ್ನು ಮದ್ದೂರು ರೈಲು ನಿಲ್ದಾಣದಿಂದ ಆನೆಗಳಿಂದಲೂ ಗಾಡಿಗಳಲ್ಲೂ ತಂದರೆಂದು ಹಿರಿಯರು ಹೇಳುವುದಿದೆ. ಗಾಡಿ ಹೊಡೆದವರು, ಬಂಡೆ ಒಡೆದವರು, ಕಂಬ ನೆಟ್ಟವರು ಯಾರೆಂದು ಯಾವ ಕಲ್ಲಿನ ಮೇಲೂ ಬರೆದಿಲ್ಲ.

ಆ ತಂತಿ ಮುಟ್ಟಿದ ಊರಿನ ಕಥೆ ನನಗೆ ಇತ್ತೀಚೆಗೆ ಬಹಳ ಹತ್ತಿರವಾಗಿದೆ. ನಮ್ಮಲ್ಲಿ ಬೆಳಗಿನ ಜಾವ ಓಡುವ ಹುಡುಗ ಹುಡುಗಿಯರಿದ್ದಾರೆ. ಪೊಲೀಸ್ ಭರ್ತಿಗೋ ಸೇನೆಗೋ ತಯಾರಿ. "ನಮ್ ಕಡೆ ಚಾಂಪಿಯನ್ ಯಾರಿದ್ರು ಸಾರ್?" ಎಂದು ಅವರಲ್ಲೊಬ್ಬ ಕೇಳಿದ. ನಾನು ಅವನಿಗೆ ಕೆನ್ನೆತ್ ಪೊವೆಲ್ ಹೆಸರು ಹೇಳಿದೆ. 1940ರಲ್ಲಿ ಕೋಲಾರದ ಕಡೆ ಹುಟ್ಟಿದ ಪೊವೆಲ್, ಬೆಂಗಳೂರಿನ ಐಟಿಐ ಕಾರ್ಖಾನೆ ಸೇರಿ ಓಟಗಾರರಾದವರು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಡಿದರು. 4×100 ರಿಲೇಯಲ್ಲಿ ಭಾರತ ತಂಡ ಸೆಮಿಫೈನಲ್‌ವರೆಗೆ ಹೋದಾಗ ಆ ನಾಲ್ವರಲ್ಲಿ ಒಬ್ಬರಾಗಿದ್ದರು. ಮರುವರ್ಷ ಅರ್ಜುನ ಪ್ರಶಸ್ತಿ. 2022ರ ಡಿಸೆಂಬರಿನಲ್ಲಿ ತೀರಿಕೊಂಡರು. ಕೋಲಾರದ ಗಣಿಗಳಲ್ಲೊಂದರ ಹೆಸರೇ ಚಾಂಪಿಯನ್ ರೀಫ್. ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದ ಗಣಿ ಅದು. ಆ ಸೀಮೆಯ ಗಣಿಗಳಿಗೆ ಕರೆಂಟು ಹೋಗುತ್ತಿದ್ದದ್ದು ನಮ್ಮ ಕಮರಿಯಿಂದ. ಪೊವೆಲ್ ನಮ್ಮವರಲ್ಲ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ದೂರದ ಓಟದವರು ಬೇಕೆಂದರೆ, ಬೆಳಗಾವಿಯ ಫಡೆಪ್ಪ ಚೌಗುಲೆ 1920ರಲ್ಲೇ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದರು ಎಂದೂ ಹೇಳಿದೆ. ಹುಡುಗ ಎರಡೂ ಹೆಸರನ್ನು ಮೊಬೈಲಿನಲ್ಲಿ ಬರೆದುಕೊಂಡ.

ನಮ್ಮ ಕಾಲೋನಿಯಲ್ಲೂ ಓಟಗಾರರಿದ್ದರು. ರಾಜ್ಯೋತ್ಸವಕ್ಕೆ ಸುಣ್ಣದ ಗೆರೆ ಎಳೆದು ಓಟ ನಡೆಸುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಪವರ್‌ಹೌಸ್‌ನಿಂದ ಟ್ರಾಲಿ ಹತ್ತಿ ಮೇಲೆ ಬಂದವರು, ಕಾಕಿ ಷರ್ಟು ಕಳಚಿ ಬನಿಯನ್‌ನಲ್ಲೇ ಗೆರೆಯ ಮೇಲೆ ನಿಲ್ಲುತ್ತಿದ್ದರು. ಗೆದ್ದವರಿಗೆ ಹೆಸರು ಕೆತ್ತಿಸಿದ ಸ್ಟೀಲ್ ಲೋಟ. ಆ ಅಕ್ಷರಗಳು ಚುಕ್ಕಿ ಚುಕ್ಕಿಯಾಗಿ, ಬೆರಳಿಗೆ ತರಿತರಿಯಾಗಿ ತಾಗುತ್ತಿದ್ದವು. ಯಾರು ಯಾವ ವರ್ಷ ಗೆದ್ದರೆಂಬ ಪಟ್ಟಿ ಯಾರೂ ಇಟ್ಟಿಲ್ಲ. ನಿವೃತ್ತರಾದವರು ಮೈಸೂರಿಗೋ ಮಳವಳ್ಳಿಗೋ ಮನೆ ಮಾಡಿಕೊಂಡು ಹೋದರು, ಲೋಟಗಳೂ ಅವರ ಜೊತೆ ಹೋದವು.

ಅಂಥ ಲೋಟ ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ, ದಯವಿಟ್ಟು ಇಳಿಸಿ ಅದರ ಮೇಲಿನ ಹೆಸರನ್ನೂ ವರ್ಷವನ್ನೂ ಬರೆದು ಕಳಿಸಿ. ಒಂದು ಹಲಗೆ ಮಾಡಿಸುವ ಆಸೆಯಿದೆ. ಮೇಲ್ಗಡೆ 1902, 92 ಮೈಲಿ ಎಂದು. ಕೆಳಗಡೆ ಸಿಕ್ಕಷ್ಟು ಹೆಸರು.