ನಾಗವಲ್ಲಿಯ ಶಾಪ, ಮೈಸೂರಿನ ಬೆಂಕಿ

ಗುರುವಾರ ರಾತ್ರಿ ನಮ್ಮ ರೂಮಿನಲ್ಲಿ ಕನ್ನಡ ಸಿನಿಮಾ ನೋಡುವುದು ರೂಢಿ. ‘ಆಪ್ತಮಿತ್ರ’ ಹಾಕಿದ ದಿನ ಮಾತ್ರ ಸಿನಿಮಾ ಮುಗಿದ ಮೇಲೂ ಯಾರೂ ಬೇಗ ಮಲಗೋದಿಲ್ಲ. ಕುಂದಾಪುರದ ನಮ್ಮ ಗೆಳೆಯ ಶುರು ಮಾಡ್ತಾನೆ: “ಸೌಂದರ್ಯ ಹೋದ್ರು, ವಿಷ್ಣುವರ್ಧನ್ ಹೋದ್ರು. ನಾಗವಲ್ಲಿ ಯಾರನ್ನೂ ಬಿಡ್ಲಿಲ್ಲ ಮಾರಾಯ.” ಉಳಿದವರು ತಲೆಯಾಡಿಸ್ತಾರೆ. ಈ ಮಾತನ್ನು ನೀವೂ ಕೇಳಿರ್ತೀರಿ, ಬಹುಶಃ ನೀವೇ ಹೇಳಿರ್ತೀರಿ.

ಸ್ವಲ್ಪ ದಿನಾಂಕ ನೋಡೋಣ. ಸೌಂದರ್ಯ ತೀರಿಕೊಂಡದ್ದು 2004ರ ಏಪ್ರಿಲ್ 17ರಂದು. ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟ ಪುಟ್ಟ ವಿಮಾನ ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಸ್ವಲ್ಪ ಹೊತ್ತಿಗೇ ಬಿತ್ತು. ಅವರ ಅಣ್ಣನೂ ಸೇರಿ ನಾಲ್ವರು ಸತ್ತರು. ವಿಷ್ಣುವರ್ಧನ್ ಹೃದಯಾಘಾತದಿಂದ ಮೈಸೂರಿನಲ್ಲಿ ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು. ಎರಡು ಸಾವಿನ ನಡುವೆ ಐದೂವರೆ ವರ್ಷಕ್ಕೂ ಹೆಚ್ಚು ಅಂತರ. ಎರಡೂ ಸೆಟ್ಟಿನಲ್ಲಿ ಆದದ್ದಲ್ಲ. ಆದರೂ ಶಾಪದ ಕತೆ ಇವತ್ತಿಗೂ ಜೀವಂತ.

ನಾನು ಮೈಸೂರಿನವನು. ಸೆಟ್ಟಿನಲ್ಲಿ ಸಾವು ಅಂದ್ರೆ ನನಗೆ ನೆನಪಾಗೋದು ನಾಗವಲ್ಲಿ ಅಲ್ಲ, ಪ್ರೀಮಿಯರ್ ಸ್ಟುಡಿಯೋ.

1989ರ ಫೆಬ್ರವರಿ 8. ನಾನಾಗ ಪ್ರೈಮರಿ ಸ್ಕೂಲಿನಲ್ಲಿದ್ದೆ. ಸ್ಟುಡಿಯೋದಲ್ಲಿ ದೂರದರ್ಶನಕ್ಕಾಗಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಶೂಟಿಂಗ್ ನಡೀತಿತ್ತು. ಸಂಜಯ್ ಖಾನ್ ಅದರ ನಿರ್ದೇಶಕರು, ಟಿಪ್ಪು ಪಾತ್ರವೂ ಅವರದೇ. ಅವತ್ತು ಸೆಟ್ಟಿಗೆ ಬೆಂಕಿ ಬಿತ್ತು. ಕೊನೆಗೆ ಸತ್ತವರ ಲೆಕ್ಕ 62ಕ್ಕೆ ಹೋಯಿತು. ಮಾರನೇ ದಿನ ನಮ್ಮ ಬೀದಿಯಲ್ಲಿ ಒಂದೇ ಪೇಪರು ಹತ್ತು ಮನೆ ಸುತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಕಾರಣ ಅಂತ ಆಮೇಲೆ ಹೊರಬಂದದ್ದು ಏನು? ಸಡಿಲವಾದ ವೈರಿಂಗ್. ಗಾಳಿ ಆಡುವ ಕಿಂಡಿಗಳಿಲ್ಲದ ಒಳಾಂಗಣ. ಗೋಡೆಗೆಲ್ಲ ಗೋಣಿತಾಟು. ಕುಲುಮೆಯ ಹಾಗೆ ಕಾಯುವ ದೊಡ್ಡ ದೊಡ್ಡ ಲೈಟುಗಳು. ಬೆಂಕಿ ಆರಿಸೋಕೆ ಇಟ್ಟದ್ದು ಒಂದಿಷ್ಟು ಮರಳು, ಒಂದೆರಡು ಬಕೆಟ್ ನೀರು. ನಾನು ಈಗ ಎಲೆಕ್ಟ್ರಿಷಿಯನ್. ಈ ಪಟ್ಟಿ ಓದುವಾಗ ನನಗೆ ಕಾಣೋದು ಶಾಪ ಅಲ್ಲ. ಬೆಳಗ್ಗೆ ಟೂಲ್‌ಬಾಕ್ಸ್ ಮೀಟಿಂಗಿನಲ್ಲಿ ನಮ್ಮ ಫೋರ್‌ಮನ್ ಓದಿ ಹೇಳುವ ಪಟ್ಟಿಯೇ ಅದು.

ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು 13 ತಿಂಗಳು ಆಸ್ಪತ್ರೆಯಲ್ಲಿದ್ದರು, ಒಂದಾದ ಮೇಲೊಂದು ಆಪರೇಷನ್ ಆಯಿತು. ಅವರು ಬದುಕಿ ಬಂದು ಧಾರಾವಾಹಿ ಮುಗಿಸಿದ್ದು ನಿಜಕ್ಕೂ ದೊಡ್ಡ ಕತೆ. ಆದರೆ ಆ 62 ಜನರಲ್ಲಿ ಒಬ್ಬರ ಹೆಸರಾದರೂ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ದೊಡ್ಡವರಿಗೆ ಪೆಟ್ಟಾದರೆ ಬೇರೆಯೇ ಲೆಕ್ಕ. 1982ರ ಜುಲೈಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರದ ಫೈಟ್ ಮಾಡುವಾಗ ಅಮಿತಾಭ್ ಬಚ್ಚನ್ ಹೊಟ್ಟೆಗೆ ಪೆಟ್ಟು ಬಿತ್ತು. ಹೋಗೇಬಿಟ್ಟರು ಅನ್ನೋ ಸುದ್ದಿ ಹಬ್ಬಿತು, ದೇಶವೇ ಹರಕೆ ಹೊತ್ತಿತು. ಅವರು ಉಳಿದರು. ಕೊನೆಗೆ ಸಾಯಬೇಕಿದ್ದ ನಾಯಕನನ್ನು ಕತೆ ಬದಲಾಯಿಸಿ ಬದುಕಿಸಿದರು. ಪೆಟ್ಟು ಬಿದ್ದ ಜಾಗಕ್ಕೆ ಬಂದಾಗ ಪರದೆ ನಿಲ್ಲುತ್ತದೆ, ಅದು ಇಲ್ಲೇ ಆದದ್ದು ಅಂತ ಅಕ್ಷರ ಮೂಡುತ್ತದೆ. ಬದುಕಿದವರಿಗೆ ಅಷ್ಟು ಗೌರವ ಸಿಕ್ಕಿತು, ಸಿಗಲಿ. ನನ್ನ ತಕರಾರು ಅದರ ಬಗ್ಗೆ ಅಲ್ಲ.

ಮೈಸೂರಿನ ಪಾಠ ಕಲಿತೆವಾ? 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಕ್ಲೈಮ್ಯಾಕ್ಸ್. ಅನಿಲ್ ಮತ್ತು ಉದಯ್ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದರು. ಲೈಫ್ ಜಾಕೆಟ್ ಇರಲಿಲ್ಲ. ಈಜು ಅಷ್ಟಾಗಿ ಬರೋದಿಲ್ಲ ಅಂತ ಹಾರುವ ಮುಂಚೆ ಟಿವಿ ಮೈಕಿನ ಮುಂದೆ ಹೇಳಿಕೊಂಡಿದ್ದರು. ಇಬ್ಬರೂ ಮುಳುಗಿದರು. 2021ರ ಆಗಸ್ಟ್‌ನಲ್ಲಿ ಬಿಡದಿ ಹತ್ತಿರ ‘ಲವ್ ಯೂ ರಚ್ಚು’ ಶೂಟಿಂಗಿನಲ್ಲಿ ಒಬ್ಬ ಫೈಟರ್ ಕರೆಂಟ್ ಹೊಡೆದು ಸತ್ತರು. ಅದರ ಹಿಂದಿನ ವರ್ಷ ಫೆಬ್ರವರಿಯಲ್ಲಿ ಚೆನ್ನೈ ಹತ್ತಿರ ‘ಇಂಡಿಯನ್ 2’ ಸೆಟ್ಟಿನಲ್ಲಿ ಕ್ರೇನ್ ಬಿದ್ದು ಮೂವರು ಹೋದರು. ನೀರು, ಕರೆಂಟು, ಕ್ರೇನು. ನಮ್ಮ ಸೈಟಿನಲ್ಲೂ ಮನುಷ್ಯ ಸಾಯೋದು ಇವುಗಳಿಂದಲೇ.

ಶಾಪದ ಕತೆ ಯಾಕೆ ಅಷ್ಟು ಬೇಗ ಹಬ್ಬುತ್ತದೆ ಅಂತ ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಹಿಂದೆ ನಾನಿದ್ದ ಕ್ಯಾಂಪಿನಲ್ಲಿ ಒಬ್ಬ ಹುಡುಗ ಸ್ಕಫೋಲ್ಡಿಂಗಿನಿಂದ ಬಿದ್ದು ತೀರಿಕೊಂಡ. ವಾರದೊಳಗೆ ಕತೆ ಹುಟ್ಟಿತು: ಆ ಬಿಲ್ಡಿಂಗಿನಲ್ಲಿ ಏನೋ ಇದೆ, ಅವನಿಗೆ ಯಾರೋ ಕರೆದ ಹಾಗಾಯ್ತಂತೆ. ಅವನು ಬೆಲ್ಟ್ ಹಾಕಿದ್ದ. ಅದರ ಕೊಕ್ಕೆ ಸಿಕ್ಕಿಸೋಕೆ ಅಲ್ಲಿ ಲೈನೇ ಕಟ್ಟಿರಲಿಲ್ಲ. ಅದನ್ನು ನೋಡಿದವರು ನಾವು ನಾಲ್ಕು ಜನ. ಆದರೂ ರಾತ್ರಿ ಊಟಕ್ಕೆ ಕೂತಾಗ ನಾವೂ ದೆವ್ವದ ಮಾತೇ ಆಡಿದೆವು. ದೆವ್ವದ ಹೆಸರು ಹೇಳಿದರೆ ಯಾರ ಕೆಲಸವೂ ಹೋಗೋದಿಲ್ಲ. ಲೈನ್ ಕಟ್ಟಲಿಲ್ಲ ಯಾಕೆ ಅಂತ ಕೇಳಿದರೆ ಹೋಗಬಹುದು.

ಅವತ್ತು ಸುಮ್ಮನಿದ್ದದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಈ ಲೇಖನ ಬರೆಯೋಕೆ ಕೂತದ್ದೂ ಅದಕ್ಕೇ.

ಮುಂದಿನ ಸಲ ರೂಮಿನಲ್ಲಿ ನಾಗವಲ್ಲಿ ಮಾತು ಬಂದಾಗ ಪ್ರೀಮಿಯರ್ ಸ್ಟುಡಿಯೋದ ಕತೆಯನ್ನೂ ಹೇಳಿ. ನಮ್ಮ ಬಳಗದಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರ ಕಡೆಯವರು ಬಹಳ ಜನ ಇದ್ದೀರಿ. ಆ ಬೆಂಕಿಯಲ್ಲಿ ಹೋದವರು ನಿಮ್ಮ ಮನೆಯವರೋ, ಬೀದಿಯವರೋ ಆಗಿದ್ದರೆ ಮನೆಯವರ ಒಪ್ಪಿಗೆ ಕೇಳಿ ಸಂಪಾದಕರಿಗೆ ತಿಳಿಸಿ. ಅವರ ಹೆಸರೇನು, ಸೆಟ್ಟಿನಲ್ಲಿ ಏನು ಕೆಲಸ ಮಾಡ್ತಿದ್ದರು, ಅಷ್ಟು ಸಾಕು. ಮುಂದಿನ ವರ್ಷದ ಸಂಚಿಕೆಯಲ್ಲಿ ಒಂದು ಪುಟ ಅವರಿಗೆ ಇಡೋಣ.