ಕಡಲ್ಗಳ್ಳ: ಒಂದು ಪದದ ಹಿನ್ನೆಲೆ

'ಕಡಲ್ಗಳ್ಳ' ಎಂಬ ಪದದ ರಚನೆಯಲ್ಲಿ ಗೂಢವೇನೂ ಇಲ್ಲ. ಕಡಲ್ ಎಂಬುದಕ್ಕೆ ಕಳ್ಳ ಸೇರಿ, ಉತ್ತರಪದದ ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿದೆ. ಮಳೆಗಾಲ ಎಂಬಲ್ಲಿ ಆದಂತೆಯೇ. ಕದಿ ಎಂಬರ್ಥದ 'ಕಳ್' ಧಾತುವೇ ಇದರ ಬೇರು. ಇಂಗ್ಲಿಷಿನ 'ಪೈರೇಟ್' ಪದವಾದರೋ ಲ್ಯಾಟಿನ್ ಮೂಲಕ ಗ್ರೀಕಿನಿಂದ ಬಂದುದು. ಅದರ ಮೂಲಧಾತುವಿಗೆ ಪ್ರಯತ್ನಿಸು, ಮೇಲೆರಗು ಎಂದರ್ಥ. ಗ್ರೀಕರ ಪದವು ದಾಳಿಯ ಸಾಹಸವನ್ನು ಕಂಡಿತು, ಕನ್ನಡದ ಪದವು ಕಳವನ್ನು ಕಂಡಿತು.

ನಮ್ಮ ಕರಾವಳಿಗೆ ಈ ಅಪಖ್ಯಾತಿ ಹಳೆಯದು. ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು ಮುಜಿರಿಸ್ ಬಂದರಿನ ಸಮೀಪದ ಕಡಲ್ಗಳ್ಳರ ನೆಲೆಯೊಂದನ್ನು 'ನಿತ್ರಿಯಾಸ್' ಎಂದು ಹೆಸರಿಸಿದ್ದಾನೆ. ಅದು ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪವೆಂದು ಕೆಲವು ವಿದ್ವಾಂಸರ ಊಹೆ. ಉಚ್ಚಾರಣೆಯ ಹೋಲಿಕೆಯೊಂದನ್ನೇ ನೆಚ್ಚಿ ಅದನ್ನು ನಿರ್ಣಯವೆಂದು ಹೇಳಲಾಗದು.

ಆದರೆ ಯಾರನ್ನು ಯಾರು ಹಾಗೆ ಕರೆದರು ಎಂಬುದೇ ಇಲ್ಲಿ ವಿಚಾರಾರ್ಹ. ಹೊನ್ನಾವರದ ತಿಮ್ಮೋಜನ ಪ್ರಸಂಗವನ್ನೇ ನೋಡಬಹುದು. 1498ರಲ್ಲಿ ಅಂಜದೀವ ದ್ವೀಪದ ಬಳಿ ವಾಸ್ಕೋ ಡ ಗಾಮನ ಹಡಗುಗಳ ಮೇಲೆ ಎರಗಲು ಬಂದ ಕಡಲ್ಗಳ್ಳನೆಂದು ಪೋರ್ಚುಗೀಸ್ ಬರಹಗಾರರು ಅವನನ್ನು ಚಿತ್ರಿಸಿದರು. 1510ರಲ್ಲಿ ಅದೇ ತಿಮ್ಮೋಜನ ಸಲಹೆಯಂತೆ ಅಲ್ಬುಕರ್ಕನು ಗೋವೆಯತ್ತ ತಿರುಗಿದ. ಆಗ ಅವನು ಮಿತ್ರನಾದ! ಹಡಗು ಅವೇ, ಕಸುಬೂ ಅದೇ.

ಅತ್ತ ಪೋರ್ಚುಗೀಸರು ಸಾಗುವ ಹಡಗುಗಳೆಲ್ಲ ತಮ್ಮ 'ಕಾರ್ತಾಜ್' ಎಂಬ ರಹದಾರಿಯನ್ನು ಪಡೆಯಬೇಕೆಂದು ವಿಧಿಸಿದರು. ಅದಿಲ್ಲದ ಹಡಗನ್ನು ಸರಕು ಸಮೇತ ವಶಪಡಿಸಿಕೊಳ್ಳುತ್ತಿದ್ದರು. ಈ ಹಿಡಿತಕ್ಕೆ ಮಣಿಯದೆ ನಿಂತವರಲ್ಲಿ ಉಳ್ಳಾಲದ ಜೈನ ಚೌಟ ಅರಸಿ ಅಬ್ಬಕ್ಕನೂ ಒಬ್ಬಳು. ತನ್ನದೇ ಜನರ ಸರಕನ್ನು ತನ್ನದೇ ಕಡಲಿನಲ್ಲಿ ಸಾಗಿಸಲು ಪರರ ಕಾಗದವೇಕೆ? ಕಾಗದ ಕೇಳಿದವನು ಆಡಳಿತಗಾರನೆನಿಸಿದ, ಇಲ್ಲದೆ ಹೊರಟವನು ಅಪರಾಧಿಯೆನಿಸಿದ.

ಜೈನ ವಿಚಾರವು ಇಂತಹ ಹೆಸರುಗಳನ್ನು ನೆಚ್ಚಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಸ್ತೇಯವೆಂದರೆ ಅದತ್ತಾದಾನ, ಅಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು. ತೆಗೆದುಕೊಂಡವನು ದೋಣಿಯವನೋ ದೊರೆಯೋ ಎಂಬ ಭೇದ ಆ ಲಕ್ಷಣದಲ್ಲಿ ಇಲ್ಲ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ 'ತದಾಹೃತಾದಾನ'ವೂ ಒಂದು: ಕಳ್ಳರು ತಂದುದನ್ನು ಕೊಳ್ಳುವುದು. ಸುಲಿಗೆಯ ಮೆಣಸಾಗಲಿ ಬಟ್ಟೆಯಾಗಲಿ ಬಂದರಿಗೆ ಬಂದರೆ ಕೊಳ್ಳುವವನೊಬ್ಬ ಬೇಕೇ ಬೇಕು. ಅಗ್ಗವೆಂದು ಕೊಂಡ ಆ ದಡದ ವರ್ತಕನು ಕನ್ನಡದ 'ಕಡಲ್ಗಳ್ಳ'ನೊಳಗೆ ಬರುವುದಿಲ್ಲ. ಅತಿಚಾರದ ಪಟ್ಟಿಯಲ್ಲಿ ಬರುತ್ತಾನೆ.